ನೆಲಕ್ಕೆ ತಾಗದ ಹಿಮ್ಮಡಿ

ಅಮ್ಮ ಆ ಫೋಟೋವನ್ನು ಹಳೆಯ ಟವೆಲಿನಲ್ಲಿ ಸುತ್ತಿ, ಪ್ಲಾಸ್ಟಿಕ್ ಚೀಲದೊಳಗಿಟ್ಟು, ಚೀಲಕ್ಕೆ ಎರಡು ಗಂಟು ಬಿಗಿದು ನನ್ನ ಕೈಗೆ ಕೊಟ್ಟಳು. "ಬಸ್ಸಲ್ಲಿ ತೊಡೆ ಮೇಲೇ ಇಟ್ಕೋ. ರಾಣಿಗೆ ಏನಾದ್ರೂ ಆದ್ರೆ ನಿಮ್ಮಕ್ಕ ನನ್ನ ಸುಮ್ನೆ ಬಿಡಲ್ಲ" ಎಂದಳು.

ರಾಣಿ ಎಂದರೆ ನಮ್ಮ ಮುತ್ತಜ್ಜಿ, ಅಮ್ಮನ ಅಮ್ಮನ ಅಮ್ಮ. ಫೋಟೋದಲ್ಲಿ ಅವಳು ಚಿಕ್ಕ ಮಗು. ಬಿಳಿ ಫ್ರಾಕು, ಮೊಣಕಾಲಿನವರೆಗೆ ಕಪ್ಪು ಕಾಲುಚೀಲ, ಒಂದು ಕೈ ಕುರ್ಚಿಯ ಬೆನ್ನಿನ ಮೇಲೆ. ಹೊಟ್ಟೆ ಮುಂದಕ್ಕೆ ಮಾಡಿ, ಭುಜ ಹಿಂದಕ್ಕೆಳೆದು, ಎದುರಿಗಿರುವವರೆಲ್ಲ ತನ್ನ ಆಳುಗಳು ಎನ್ನುವ ಹಾಗೆ ನಿಂತ ಆ ನಿಲುವಿಗಾಗಿಯೇ ಮನೆಯವರು ಅವಳಿಗೆ ರಾಣಿ ಎಂದು ಹೆಸರಿಟ್ಟಿದ್ದರು. ಕಾಲುಗಳಂತೂ ತಿರುಗಣಿ ಹಾಕಿ ಕಡೆದ ಕಂಬಗಳು. ಎಂಬತ್ತೆರಡು ವರ್ಷ ಬದುಕಿದ ಹೆಂಗಸಿನ ಕಾಲು ಹಾಗಲ್ಲದೆ ಇನ್ನು ಹೇಗಿರುತ್ತದೆ ಎಂದು ಅಮ್ಮ ಬಂದವರಿಗೆಲ್ಲ ತೋರಿಸುತ್ತಿದ್ದಳು.

ನಮ್ಮದು ಹೆಣ್ಣುಮಕ್ಕಳ ಮನೆ. ಮೂರು ತಲೆಮಾರಿನಿಂದ ಹುಟ್ಟಿದ್ದೆಲ್ಲ ಹೆಣ್ಣೇ. ಅಕ್ಕನ ಮಗನೊಬ್ಬ ಗಂಡು, ಅವನಿಗೆ ಮುಂದಿನ ತಿಂಗಳು ಐದು ತುಂಬುತ್ತದೆ. ಅವನದೂ ಅದೇ ತುಂಬಿದ ಮೀನಖಂಡ, ಹೊಟ್ಟೆ ಮುಂದೆ ಮಾಡಿ ತುದಿಗಾಲಲ್ಲಿ ತೂಗುತ್ತ ನಡೆಯುವ ಅದೇ ಜಂಬ. ರಾಣಿಯ ವಂಶದವನಾದ್ದರಿಂದ ಅವನನ್ನು ಮಹಾರಾಜ ಎಂದೇ ಕರೆಯುತ್ತೇವೆ. ನೆಲದಿಂದ ಏಳುವಾಗ ಎರಡೂ ಕೈಗಳನ್ನು ಮೊಣಕಾಲಿಗೆ ಊರಿ, ಆಮೇಲೆ ತೊಡೆಗೆ ಊರಿ, ತನ್ನ ಮೈಯನ್ನೇ ಏಣಿ ಮಾಡಿಕೊಂಡು ಹತ್ತುವ ಹಾಗೆ ಏಳುತ್ತಾನೆ. ಭಾವ ಅದನ್ನು ನೋಡಿದಾಗಲೆಲ್ಲ, ಮಹಾರಾಜರಿಗೆ ರಾಜ್ಯಭಾರ ಜಾಸ್ತಿಯಾಗಿ ಸೊಂಟ ಹಿಡಿದಿದೆ ಎನ್ನುತ್ತಿದ್ದರು. ನಾವೆಲ್ಲ ನಗುತ್ತಿದ್ದೆವು. ನಾನೂ ನಕ್ಕಿದ್ದೇನೆ.

ರಾಣಿಯ ಫೋಟೋವನ್ನು ದೊಡ್ಡದು ಮಾಡಿಸಿ ಮಗನ ಫೋಟೋದ ಪಕ್ಕ ತೂಗುಹಾಕಬೇಕು ಎಂಬುದು ಅಕ್ಕನ ಆಸೆ. ಒಂದೇ ವಾರದಲ್ಲಿ ಮೂರು ಸಲ ಫೋನ್ ಮಾಡಿ, ಆಯಿತಾ ಎಂದು ಕೇಳಿದ್ದಳು. ಅಕ್ಕ ಹಾಗೆ ಒಂದರ ಬೆನ್ನು ಹತ್ತುವವಳಲ್ಲ. ಹುಟ್ಟುಹಬ್ಬದ ಸಂಭ್ರಮ ಎಂದುಕೊಂಡೆ.

ನಾನು ಕೆಲಸ ಮಾಡುವುದು ಒಂದು ದಾಖಲೆ ಸಂಗ್ರಹದ ಫೋಟೋ ವಿಭಾಗದಲ್ಲಿ. ಓದಿದ್ದು ಜೀವವಿಜ್ಞಾನ. ಆಮೇಲೆ ಹಳೆಯ ಫೋಟೋಗಳನ್ನು ಕೆಡದಂತೆ ಕಾಪಾಡುವುದನ್ನು ಕಲಿತೆ. ಉತ್ತರದ ಕಿಟಕಿಯ ಪಕ್ಕ ನನ್ನ ಮೇಜು, ಮೇಜಿನ ಮೇಲೆ ಮೃದು ಕುಂಚ, ಭೂತಗನ್ನಡಿ, ಪೆನ್ಸಿಲು. ಯಾವ ಫೋಟೋ ಬಂದರೂ ಮುಟ್ಟುವ ಮೊದಲು ಒಂದು ಹಾಳೆ ತುಂಬಬೇಕು. ಹಾಳೆಯಲ್ಲಿ ಮೂರು ಸಾಲು: ಕಂಡದ್ದು, ತಿಳಿದದ್ದು, ಊಹಿಸಿದ್ದು. ಒಂದರ ಮಾತು ಇನ್ನೊಂದರಲ್ಲಿ ಬರಕೂಡದು.

ನನಗೆ ಕೆಲಸ ಕಲಿಸಿದ ಮೇಷ್ಟ್ರು ಇನ್ನೊಂದು ಕಟ್ಟಳೆ ಹಾಕಿದ್ದರು. ನೋಡುವುದನ್ನು ಕೆಳಗಿನ ಎಡ ಮೂಲೆಯಿಂದ ಶುರು ಮಾಡಬೇಕು, ಮುಖವನ್ನು ಕೊನೆಗೆ ನೋಡಬೇಕು. "ಮುಖ ಲಂಚ ಕೊಡುತ್ತಮ್ಮ" ಎನ್ನುತ್ತಿದ್ದರು. "ಒಂದ್ಸಲ ಇಸ್ಕೊಂಡ್ಯೋ, ಆಮೇಲೆ ಅದು ಹೇಳಿದ್ದನ್ನೇ ನೀನೂ ಹೇಳ್ತಿ." ಮೂವತ್ತು ವರ್ಷದಿಂದ ಕಂಡ ಫೋಟೋಕ್ಕೆ ಹಾಳೆ ಯಾಕೆ ಎಂದು ಒಂದು ಕ್ಷಣ ಅನ್ನಿಸಿತು. ಆದರೂ ಅಭ್ಯಾಸಬಲ, ಹಾಳೆ ತೆಗೆದುಕೊಂಡೆ.

ಫೋಟೋದ ಸುತ್ತ ಮೊಟ್ಟೆಯಾಕಾರದ ಕಿಂಡಿ ಕೊರೆದ ಒಂದು ರಟ್ಟು ಇತ್ತು. ಅದು ಸ್ಟುಡಿಯೋದ್ದಲ್ಲ. ಯಾರೋ ಮನೆಯಲ್ಲೇ ಬಿಸ್ಕತ್ತಿನ ಪೆಟ್ಟಿಗೆಯ ರಟ್ಟನ್ನು ಕತ್ತರಿಯಿಂದ ಕತ್ತರಿಸಿದ್ದರು. ಅಂಚು ಸಮನಾಗಿರಲಿಲ್ಲ. ನಾಲ್ಕು ಕಡೆ ಹಚ್ಚಿದ್ದ ಒಣಗಿದ ಅಂಟನ್ನು ನಿಧಾನವಾಗಿ ಬಿಡಿಸಿ ರಟ್ಟನ್ನು ಎತ್ತಿದೆ. ನಾವು ಯಾರೂ ನೋಡದಿದ್ದ ನಾಲ್ಕು ಮೂಲೆಗಳು ಹೊರಗೆ ಬಂದವು.

ಕೆಳಗಿನ ಎಡ ಮೂಲೆ: ಹೂ ಬಳ್ಳಿಯ ರತ್ನಗಂಬಳಿ, ಅದರ ಮಡಿಸಿಕೊಂಡ ಅಂಚು. ಸ್ವಲ್ಪ ಬಲಕ್ಕೆ, ಮಗುವಿನ ಬೂಟುಗಳ ಹಿಂದೆ, ಕಬ್ಬಿಣದ ಮೂರು ಪಾದ. ಆ ಪಾದಗಳಿಂದ ಎದ್ದ ಕಂಬಿ ಫ್ರಾಕಿನ ಹಿಂದೆ ಮರೆಯಾಗಿತ್ತು. ಫ್ರಾಕಿನ ಸೊಂಟದ ಹತ್ತಿರ ಬಟ್ಟೆ ಎರಡೂ ಕಡೆ ಒಳಗೆ ಸೆಳೆದುಕೊಂಡು ಬಿಗಿಯಾಗಿತ್ತು, ಹಿಂದಿನಿಂದ ಯಾವುದೋ ಹಿಡಿ ಹಿಡಿದ ಹಾಗೆ. ಬೂಟಿನ ತುದಿ ಗಂಬಳಿಯನ್ನು ಒತ್ತಿತ್ತು. ಹಿಮ್ಮಡಿಗಳು ನೆಲಕ್ಕೆ ತಾಗಿರಲಿಲ್ಲ. ಅವುಗಳ ಕೆಳಗೆ ಬೆರಳಗಲದ ಕತ್ತಲೆ ಇತ್ತು.

ಕಂಡದ್ದರ ಸಾಲಿನಲ್ಲಿ ಇಷ್ಟನ್ನೂ ಬರೆದೆ. ತಿಳಿದದ್ದರ ಸಾಲಿಗೆ ಬಂದಾಗ ಪೆನ್ಸಿಲು ನಿಂತಿತು.

ಅಂಥ ಕಬ್ಬಿಣದ ಸ್ಟ್ಯಾಂಡುಗಳನ್ನು ನಾನು ನೂರಾರು ಫೋಟೋಗಳಲ್ಲಿ ನೋಡಿದ್ದೇನೆ. ಫೋಟೋಗ್ರಫಿಯ ಮೊದಲ ದಿನಗಳಲ್ಲಿ ಚಿತ್ರ ಮೂಡಲು ಹಲವು ಸೆಕೆಂಡು ಬೇಕಿತ್ತು, ಆದ್ದರಿಂದ ಜನ ಅಲುಗದಿರಲಿ ಎಂದು ಹಿಂದಿನಿಂದ ಸ್ಟ್ಯಾಂಡು ಕೊಡುತ್ತಿದ್ದರು. ಆದರೆ ಈ ಫೋಟೋದ ಹಿಂಬದಿಯಲ್ಲಿ, ಇನ್ನಷ್ಟು ಪ್ರತಿ ಬೇಕಾದವರು ಈ ಸಂಖ್ಯೆ ತಿಳಿಸಿ ಎಂಬ ಅಚ್ಚಿನ ಕೆಳಗೆ, ಸ್ಟುಡಿಯೋದವರೇ ಶಾಯಿಯಲ್ಲಿ ಸಂಖ್ಯೆಯನ್ನೂ 1896 ಎಂದೂ ಬರೆದಿದ್ದರು. ಅಷ್ಟು ಹೊತ್ತಿಗೆ ಹೊಸ ಬಗೆಯ ಗಾಜಿನ ಫಲಕಗಳು ಬಂದು, ಒಳ್ಳೆಯ ಬೆಳಕಿದ್ದರೆ ಒಂದು ಸೆಕೆಂಡೂ ಬೇಕಿರಲಿಲ್ಲ. ಬಹುಪಾಲು ಸ್ಟುಡಿಯೋಗಳಲ್ಲಿ ಸ್ಟ್ಯಾಂಡು ಮೂಲೆ ಸೇರಿತ್ತು. ಹಾಗಾದರೆ ಇದನ್ನು ಯಾಕೆ ಮೂಲೆಯಿಂದ ತೆಗೆದರು? ಮಗು ಅಲುಗದಿರಲಿ ಎಂದು ಇರಲಾರದು. ಬೀಳದಿರಲಿ ಎಂದು.

ಅಲ್ಲಿಂದ ಕಣ್ಣು ಮೇಲಕ್ಕೆ ಹೋಗಲು ಒಪ್ಪಲಿಲ್ಲ. ನಾನೇ ಬಲವಂತ ಮಾಡಿದೆ. ತುಟಿಗಳು ಸ್ವಲ್ಪ ತೆರೆದಿದ್ದವು. ಭೂತಗನ್ನಡಿಯಲ್ಲಿ ಮೇಲಿನ ಎರಡು ಬಾಚಿಹಲ್ಲು ಕಂಡವು. ಅರ್ಧ ಇಳಿದ, ಅಗಲವಾದ, ತುದಿ ಗರಗಸದಂತಿರುವ ಹಲ್ಲು. ಅವು ಹಾಲುಹಲ್ಲಲ್ಲ. ಆ ಹಲ್ಲು ಬರುವುದು ಏಳರ ಆಸುಪಾಸಿಗೆ. ಮುತ್ತಜ್ಜಿ ತೀರಿಕೊಂಡದ್ದು 1974ರಲ್ಲಿ, ಎಂಬತ್ತೆರಡನೆಯ ವಯಸ್ಸಿನಲ್ಲಿ. 1896ರಲ್ಲಿ ಅವಳಿಗೆ ನಾಲ್ಕು.

ಎರಡು ಸಲ ಕಾಗದದ ಮೇಲೆ ಕಳೆದು ನೋಡಿದೆ. ನಾಲ್ಕೇ ಬಂತು.

ಕೊನೆಗೆ ತಲೆ. ಕೂದಲನ್ನು ಪಕ್ಕಕ್ಕೆ ಬೈತಲೆ ತೆಗೆದು ಬಾಚಿದ್ದರು. ಆ ಕಾಲದ ಸ್ಟುಡಿಯೋ ಫೋಟೋಗಳಲ್ಲಿ ಸಣ್ಣ ಹುಡುಗರಿಗೂ ಫ್ರಾಕು ಹಾಕುವುದು ಇತ್ತು. ಹುಡುಗನೋ ಹುಡುಗಿಯೋ ಎಂದು ನಾವು ಹೇಳುವುದು ಹೆಚ್ಚಾಗಿ ಬೈತಲೆಯಿಂದ. ನಡುವೆ ಇದ್ದರೆ ಹುಡುಗಿ, ಪಕ್ಕಕ್ಕಿದ್ದರೆ ಹುಡುಗ. ದಿನಕ್ಕೆ ಹತ್ತು ಫೋಟೋಗಳಿಗೆ ಹೀಗೆ ಬರೆಯುವವಳು ನಾನು, ನನ್ನ ಮನೆಯ ಗೋಡೆಯ ಮೇಲಿದ್ದುದಕ್ಕೆ ಒಮ್ಮೆಯೂ ಬರೆದಿರಲಿಲ್ಲ. ಆದರೆ ಏಳು ವರ್ಷದ ಹುಡುಗನಿಗೆ ಫ್ರಾಕು ಅಪರೂಪ. ಎತ್ತಿಕೊಂಡು ಹೋಗಿ ಕೂರಿಸಬೇಕಾದ ಹುಡುಗನಿಗಾದರೆ ಚಡ್ಡಿಗಿಂತ ಫ್ರಾಕೇ ಅನುಕೂಲ.

ಕಾಲೇಜಿನಲ್ಲಿ ಒಂದು ಮಧ್ಯಾಹ್ನ ಕಪ್ಪುಹಲಗೆಯ ಮೇಲೆ ನಮ್ಮ ಲೆಕ್ಚರರ್ ಬರೆದ ಒಂದು ವಂಶವೃಕ್ಷ ಕಣ್ಣಿಗೆ ಕಟ್ಟಿತು. ಹೆಣ್ಣಿಗೆ ವೃತ್ತ, ಗಂಡಿಗೆ ಚೌಕ. ಸ್ನಾಯು ಸವೆಯುವ ಒಂದು ಕಾಯಿಲೆ. ತಾಯಿಯಿಂದ ಇಳಿಯುತ್ತದೆ, ಹೆಣ್ಣುಮಕ್ಕಳಲ್ಲಿ ಬಹುಮಟ್ಟಿಗೆ ಸದ್ದಿಲ್ಲದೆ ಅಡಗಿರುತ್ತದೆ, ಗಂಡುಮಕ್ಕಳಲ್ಲಿ ಹೊರಬೀಳುತ್ತದೆ. ಮೀನಖಂಡ ದಪ್ಪವಾಗುತ್ತದೆ, ಸವೆದ ಸ್ನಾಯುವಿನ ಜಾಗದಲ್ಲಿ ಕೊಬ್ಬು ತುಂಬಿಕೊಳ್ಳುತ್ತದೆ. ಸೊಂಟ ಸೋಲುವುದರಿಂದ ಹೊಟ್ಟೆ ಮುಂದೆ ಬರುತ್ತದೆ, ಹಿಮ್ಮಡಿ ಎದ್ದುಕೊಳ್ಳುತ್ತದೆ. ನೆಲದಿಂದ ಏಳುವಾಗ ಮಗು ತನ್ನ ಮೈಯನ್ನೇ ಏಣಿ ಮಾಡಿಕೊಳ್ಳುತ್ತದೆ.

ನಾವು ಮುದ್ದು ಮಾಡಿದ್ದು, ಹೆಸರಿಟ್ಟದ್ದು, ನೆಂಟರಿಗೆ ತೋರಿಸಿ ಹೆಮ್ಮೆಪಟ್ಟದ್ದು ಎಲ್ಲ ಅದನ್ನೇ.

ಲೆಕ್ಕ ಹಾಕಿದೆ, ಭಯವಾದಾಗ ನಾನು ಮಾಡುವುದು ಅದೊಂದೇ. ಈ ಹುಡುಗ ಮುತ್ತಜ್ಜಿಯ ಒಡಹುಟ್ಟಿದವನೇ ಆಗಿದ್ದು, ಅವರ ತಾಯಿಯಲ್ಲಿ ಆ ದೋಷ ಇತ್ತೆಂದುಕೊಂಡರೂ ಮಗಳಾದ ಮುತ್ತಜ್ಜಿಗೆ ಬಂದಿರುವ ಸಾಧ್ಯತೆ ಅರ್ಧ. ಅವಳಿಂದ ಅಜ್ಜಿಗೆ ಕಾಲು. ಅಮ್ಮನಿಗೆ ಎಂಟರಲ್ಲಿ ಒಂದು, ಅಕ್ಕನಿಗೆ ಹದಿನಾರರಲ್ಲಿ ಒಂದು, ಮಹಾರಾಜನಿಗೆ ಮೂವತ್ತೆರಡರಲ್ಲಿ ಒಂದು. ಮೂವತ್ತೆರಡರಲ್ಲಿ ಒಂದು ಎಂದರೆ ಏನೂ ಅಲ್ಲ. ಉಸಿರು ಸ್ವಲ್ಪ ಸರಾಗವಾಯಿತು. ಮರುಗಳಿಗೆಯಲ್ಲೇ ಲೆಕ್ಕ ಸುಳ್ಳೆಂದು ಗೊತ್ತಾಯಿತು. ಅದು ನಾಣ್ಯ ಚಿಮ್ಮುವ ಮೊದಲಿನ ಲೆಕ್ಕ. ನಾಣ್ಯ ಬಿದ್ದು ಐದು ವರ್ಷವಾಗಿದೆ, ನೆಲದ ಮೇಲೆ ಓಡಾಡುತ್ತಿದೆ. ನಾವು ಬಗ್ಗಿ ನೋಡಿಲ್ಲ ಅಷ್ಟೆ.

ಊಟದ ಹೊತ್ತಿಗೆ ಅಮ್ಮನಿಗೆ ಫೋನ್ ಮಾಡಿದೆ. ಚೌಕಟ್ಟು ಕಪ್ಪೋ ಕಂದೋ ಎಂದು ಕೇಳಿದೆ, ಮಾತಿನ ನಡುವೆ ಮುತ್ತಜ್ಜಿಗೆ ಅಣ್ಣತಮ್ಮಂದಿರಿದ್ದರೇ ಎಂದು ತೇಲಿಸಿದೆ.

"ಒಬ್ಬ ಅಣ್ಣ ಇದ್ದನಂತೆ" ಎಂದಳು ಅಮ್ಮ, ಬಾಯಲ್ಲಿ ತುತ್ತಿಟ್ಟುಕೊಂಡೇ. "ಹದಿನಾಲ್ಕಕ್ಕೋ ಹದಿನೈದಕ್ಕೋ ಹೋದ. ಮನೇಲೆಲ್ಲ ಸೋಮಾರಿ ಅಂತಿದ್ರಂತೆ ಪಾಪ. ಕೂತಲ್ಲೇ ಕೂತಿರ್ತಿದ್ನಂತೆ. ನೀರು ಬೇಕಂದ್ರೂ ಅಜ್ಜೀನೇ ಓಡಿ ತಂದುಕೊಡಬೇಕಿತ್ತಂತೆ."

"ಹೆಸರೇನಮ್ಮ ಅವನದು?"

"ಯಾರಿಗೆ ಗೊತ್ತು. ಅಜ್ಜಿ ಬಾಯಲ್ಲಿ ಅಣ್ಣ, ಉಳಿದವರ ಬಾಯಲ್ಲಿ ಸೋಮಾರಿ. ಯಾಕೆ?"

ಸುಮ್ಮನೆ ಎಂದೆ. ಫೋಟೋದಲ್ಲಿರುವುದು ತಾನೇ ಎಂದು ಮುತ್ತಜ್ಜಿಯೇ ಹೇಳಿದ್ದಳೇ ಎಂದು ಕೇಳಿದೆ. ಅಮ್ಮ ನೆನಪು ಮಾಡಿಕೊಂಡು ಹೇಳಿದಳು. ಆಗ ತನಗೆ ಆರು ವರ್ಷ. ಮುತ್ತಜ್ಜಿಯ ಪೆಟ್ಟಿಗೆಯಲ್ಲಿ ಬಟ್ಟೆಗಳ ಅಡಿ ಈ ಫೋಟೋ ಸಿಕ್ಕಿತು. ಇದು ನೀನಾ ಅಜ್ಜಿ ಎಂದು ಕೇಳಿದ್ದಕ್ಕೆ ಅವಳು ಬಹಳ ಹೊತ್ತು ಬಿಟ್ಟು ಹೂಂ ಎಂದಳು. ಎಷ್ಟು ಜಂಬದಿಂದ ನಿಂತಿದ್ದೀಯ, ರಾಣಿಯ ಹಾಗೆ ಎಂದು ಅಮ್ಮ ಚಪ್ಪಾಳೆ ತಟ್ಟಿದಳು. ಅಜ್ಜಿ ನಕ್ಕಳೋ ಅತ್ತಳೋ ತಿಳಿಯಲಿಲ್ಲ, ಅಂಗೈಯಿಂದ ಮುಖ ಒರೆಸಿಕೊಂಡಳು. ಮಾರನೆಯ ದಿನ ಬಿಸ್ಕತ್ತಿನ ಪೆಟ್ಟಿಗೆ ಕತ್ತರಿಸಿ ಈ ರಟ್ಟು ಮಾಡಿ, ಅದನ್ನು ಗೋಡೆಗೆ ಹಾಕಿದಳು.

"ಅವತ್ತಿಂದ ರಾಣಿ ಅಂದ್ರೆ ರಾಣಿ" ಎಂದಳು ಅಮ್ಮ. ಹೆಸರಿಟ್ಟದ್ದು ತಾನು ಎಂಬ ಖುಷಿ ದನಿಯಲ್ಲಿತ್ತು.

ಫೋನ್ ಇಟ್ಟು ಮೇಜಿನ ಮುಂದೆ ಕೂತೆ. ನಾನು ಮಾಡಿದ್ದನ್ನು ಹೇಳಿಬಿಡುತ್ತೇನೆ. ಹಾಳೆಯನ್ನು ಖಾನೆಯೊಳಗೆ ಹಾಕಿದೆ. ರಟ್ಟನ್ನು ಮೊದಲಿದ್ದ ಜಾಗದಲ್ಲೇ ಕೂರಿಸಿ ಹೊಸ ಅಂಟು ಹಚ್ಚಿದೆ. ಕಿಂಡಿಯೊಳಗಿನದಷ್ಟನ್ನೇ ದೊಡ್ಡದು ಮಾಡಿಸಿದೆ. ದೊಡ್ಡದಾದ ಮೇಲೆ ರಾಣಿ ಇನ್ನೂ ಜಂಬದಿಂದ ನಿಂತಿದ್ದಳು. ಅಕ್ಕನಿಗೆ ಇದನ್ನು ಕೊಟ್ಟು, ಇನ್ನೊಂದು ದಿನ ಬೇರೆ ಯಾವುದೋ ನೆಪದಲ್ಲಿ ಡಾಕ್ಟರ ಹತ್ತಿರ ಕಳಿಸೋಣ ಎಂದು ನನಗೆ ನಾನೇ ಹೇಳಿಕೊಂಡೆ. ಮೂರು ದಿನ ಹೀಗೇ ಹೇಳಿಕೊಂಡೆ. ನಾಲ್ಕನೆಯ ದಿನ ಶನಿವಾರ, ಮಧ್ಯಾಹ್ನ ಅಕ್ಕನ ಮನೆಗೆ ಹೋದೆ.

ಬಾಗಿಲು ಅರ್ಧ ತೆರೆದಿತ್ತು. ಚಪ್ಪಲಿ ಬಿಡಲು ಬಗ್ಗಿದವಳ ಕಣ್ಣು, ಅಭ್ಯಾಸದಿಂದ, ಕೆಳಗಿನ ಎಡ ಮೂಲೆಗೆ ಹೋಯಿತು. ಮಹಾರಾಜನ ಶೂಗಳು. ಮುಂದಿನ ತುದಿ ಸವೆದು ಒಳಗಿನ ಬಟ್ಟೆ ಕಾಣುತ್ತಿತ್ತು. ಹಿಮ್ಮಡಿಯ ರಬ್ಬರು ಅಂಗಡಿಯಿಂದ ತಂದ ದಿನದ ಹಾಗೇ ಇತ್ತು.

ಅಲ್ಲಿಂದ ನೋಡುವುದನ್ನು ನಿಲ್ಲಿಸಲಾಗಲಿಲ್ಲ. ಮೆಟ್ಟಿಲಿನ ಪಕ್ಕದ ಗೋಡೆಯಲ್ಲಿ, ಮಗುವಿನ ಎತ್ತರಕ್ಕೆ, ಅಂಗೈಯ ಕಲೆಗಳು ಒಂದರ ಮೇಲೊಂದು ಬಿದ್ದು ಒಂದು ಬೂದು ಪಟ್ಟಿಯೇ ಆಗಿತ್ತು. ಕೊನೆಯ ಮೆಟ್ಟಿಲ ಕೆಳಗೆ ಯಾರೂ ಒರಗದ ಒಂದು ದಿಂಬು. ಆಟಿಕೆಗಳೆಲ್ಲ ನೆಲದಿಂದ ಎದ್ದು ಎತ್ತರದ ಸ್ಟೂಲಿನ ಮೇಲೆ ಕೂತಿದ್ದವು. ತಿಂಗಳಿಗೆ ಎರಡು ಸಲ ಬರುತ್ತಿದ್ದ ಮನೆ ಇದು. ಯಾರೋ ಈ ಮನೆಗೂ ನಿಧಾನವಾಗಿ ಒಂದು ರಟ್ಟು ಕತ್ತರಿಸಿ ಕೂರಿಸಿದ್ದರು.

ಭಾವ ಕೆಲಸಕ್ಕೆ ಹೋಗಿದ್ದರು. ಮಹಾರಾಜ ಒಳಕೋಣೆಯಲ್ಲಿ ಬಾಟಲಿ ಮುಚ್ಚಳಗಳನ್ನು ಸಾಲಾಗಿ ನಿಲ್ಲಿಸಿ ಕವಾಯತು ಮಾಡಿಸುತ್ತಿದ್ದ. ಅಕ್ಕ ಕೈ ಒರೆಸಿಕೊಂಡು ಬಂದು ಪೊಟ್ಟಣ ಬಿಚ್ಚಿದಳು. ದೊಡ್ಡ ಪ್ರತಿಯನ್ನು ಗೋಡೆಗೆ ಒರಗಿಸಿ ಎರಡು ಹೆಜ್ಜೆ ಹಿಂದೆ ಸರಿದು ನಿಂತಳು. ಅವಳು ಮುಖ ನೋಡಲಿಲ್ಲ, ಕಾಲನ್ನೇ ನೋಡಿದಳು.

"ಎಂಬತ್ತೆರಡು ವರ್ಷ" ಎಂದಳು. "ಇದೇ ಕಾಲಲ್ಲಿ. ಇದೇ ನಿಲುವಲ್ಲಿ. ಅಲ್ವಾ?"

ನಾನು ಪೊಟ್ಟಣದ ಕಾಗದ ಮಡಿಸತೊಡಗಿದೆ.

"ದಿನಾ ಬೆಳಿಗ್ಗೆ ಇದನ್ನೇ ಹೇಳ್ಕೋತೀನಿ ಕಣೆ. ರಾಣಿಗೇನೂ ಆಗಲಿಲ್ಲ, ಇವನಿಗೂ ಆಗಲ್ಲ ಅಂತ." ನನ್ನ ಕಡೆ ತಿರುಗಿದಳು. "ನೀನು ಇಂಥದ್ದೇ ಕೆಲಸದವಳು. ಸರಿಯಾಗಿ ನೋಡಿದ್ಯಲ್ಲ? ಇದು ರಾಣಿನೇ ತಾನೆ?"

ಆಗ ತಿಳಿಯಿತು, ಮೂರು ಸಲ ಫೋನ್ ಬಂದದ್ದು ಯಾಕೆ ಎಂದು. ಸಂಭ್ರಮ ಅಲ್ಲ. ಗೋಡೆಗೆ ಹಾಕಲು ಅವಳಿಗೆ ಬೇಕಾಗಿದ್ದದ್ದು ಒಂದು ಸಾಕ್ಷಿ. ಹೂಂ ಎಂದರೆ ಮುಗಿಯಿತು. ಅರವತ್ತು ವರ್ಷದ ಹಿಂದೆ ಒಬ್ಬ ಮುದುಕಿ ಮಗುವೊಂದಕ್ಕೆ ಹೂಂ ಎಂದಿದ್ದಳು. ಅದರ ಮೇಲೆಯೇ ಅಕ್ಕ ಈಗ ನಿಂತಿದ್ದಳು.

"ಅಲ್ಲಕ್ಕಾ" ಎಂದೆ. "ರಾಣಿ ಅಲ್ಲ. ಅವಳ ಅಣ್ಣ."

ಜೊತೆಗೆ ತಂದಿದ್ದ ಮೂಲ ಫೋಟೋವನ್ನು ನೆಲದ ಮೇಲಿಟ್ಟು, ಅದರ ರಟ್ಟನ್ನು ಅವಳ ಎದುರಿಗೇ ಬಿಡಿಸಿದೆ. ಕಬ್ಬಿಣದ ಪಾದ, ಹಿಮ್ಮಡಿಯ ಕೆಳಗಿನ ಕತ್ತಲೆ, ಹಲ್ಲು, ಹಿಂಬದಿಯ ಇಸವಿ ಒಂದೊಂದಾಗಿ ತೋರಿಸಿದೆ. ಅಕ್ಕ ಅಳಲಿಲ್ಲ. ಅವನು ಎಷ್ಟು ವರ್ಷ ಬದುಕಿದ ಎಂದು ಮಾತ್ರ ಕೇಳಿದಳು. ಹೇಳಿದೆ. ಮೂಲೆಯಲ್ಲಿದ್ದ ಕುರ್ಚಿಯ ಮೇಲೆ ಕೂತಳು.

"ಸುಳ್ಳು ಹೇಳಬಹುದಿತ್ತಲ್ಲ ನೀನು."

"ಹೇಳೋಣ ಅಂತಾನೇ ಬಂದೆ."

ಆಮೇಲೆ ಅವಳೇ ಹೇಳತೊಡಗಿದಳು, ಒಳಕೋಣೆಗೆ ಕೇಳದ ದನಿಯಲ್ಲಿ. ಎಂಟು ತಿಂಗಳಿಂದ ಅಡುಗೆಮನೆಯ ಗಡಿಯಾರ ನೋಡಿ ಲೆಕ್ಕ ಇಡುತ್ತಿದ್ದಾಳೆ. ನೆಲದಿಂದ ಏಳಲು ಮೊದಲು ನಾಲ್ಕು ಸೆಕೆಂಡು ಹಿಡಿಯುತ್ತಿತ್ತು, ಆಮೇಲೆ ಏಳು, ಈಗ ಹನ್ನೊಂದು. ಯಾರಾದರೂ ಬರುತ್ತಾರೆಂದರೆ ಮೊದಲೇ ಅವನನ್ನು ಕುರ್ಚಿಯ ಮೇಲೆ ಕೂರಿಸಿಬಿಡುತ್ತಾಳೆ. ಓಟದಲ್ಲಿ ಮಗು ಹಿಂದೆ ಬೀಳುತ್ತದೆ, ಡಾಕ್ಟರಿಗೆ ತೋರಿಸಿ ಎಂದು ಶಾಲೆಯ ಟೀಚರು ಚೀಟಿ ಕಳಿಸಿದ್ದರು. ಅದನ್ನು ಭಾವನಿಗೆ ತೋರಿಸದೆ ಒಲೆಗೆ ಹಾಕಿದಳು. ಅವನು ಏಳುವಾಗ ತಾನು ಮುಖ ತಿರುಗಿಸಿಕೊಳ್ಳುತ್ತೇನೆ ಎಂದಳು. ನೋಡದಿದ್ದರೆ ಬೇಗ ಎದ್ದಾನು ಎಂದು ಅನ್ನಿಸುತ್ತದಂತೆ.

ನಾನು ಡಾಕ್ಟರಲ್ಲ, ಇದು ಬೇರೆ ಏನಾದರೂ ಇರಬಹುದು, ಫೋಟೋ ನೋಡಿ ತೀರ್ಪು ಕೊಡುವ ವಿಷಯ ಇದಲ್ಲ ಎಂದೆ. ಮೊದಲು ಒಂದು ರಕ್ತಪರೀಕ್ಷೆ. ಇದೇ ಆಗಿದ್ದರೂ ಈಗ ಔಷಧಿಯಿದೆ, ವ್ಯಾಯಾಮವಿದೆ, ಕಾಯಿಲೆ ವಾಸಿಯಾಗದಿದ್ದರೂ ನಡೆಯುವ ವರ್ಷಗಳನ್ನು ಹೆಚ್ಚಿಸಬಹುದು, ಬೇಗ ತಿಳಿದಷ್ಟೂ ಒಳ್ಳೆಯದು ಎಂದೆ. ಹೇಳುವಾಗ ನನ್ನ ದನಿ ನನಗೇ ಯಾವುದೋ ಪುಸ್ತಕದ್ದೆನಿಸಿತು. ಈ ಲೆಕ್ಕದಲ್ಲಿ ನಾನೂ ಒಂದು ವೃತ್ತ ಎಂಬುದು ಆಗಷ್ಟೇ ಹೊಳೆಯಿತು.

ನಮ್ಮಿಬ್ಬರ ಮಾತು ನಿಂತದ್ದೇ ಮಹಾರಾಜನಿಗೆ ಕುತೂಹಲವಾಗಿರಬೇಕು. ಗೋಡೆ ಹಿಡಿದುಕೊಂಡು ಬಂದ. ಚಿಕ್ಕಮ್ಮಾ ಏನು ತಂದಿ ಎಂದು ಕೇಳುತ್ತ ನೆಲದ ಮೇಲಿದ್ದ ಮೂಲ ಫೋಟೋದ ಮುಂದೆ ಕುಕ್ಕರಿಸಿದ. ಬಗ್ಗಿ ಮೂಗು ತಾಗುವಷ್ಟು ಹತ್ತಿರದಿಂದ ನೋಡಿದ. ಅವನ ಬೆರಳು ನೇರವಾಗಿ ಕೆಳಕ್ಕೆ ಹೋಗಿ, ಬೂಟಿನ ಹಿಂದಿನ ಕಬ್ಬಿಣದ ಮೇಲೆ ನಿಂತಿತು.

"ಇದೇನು?"

"ಸ್ಟ್ಯಾಂಡು" ಎಂದೆ. "ಬೀಳದ ಹಾಗೆ ಹಿಂದಿನಿಂದ ಹಿಡ್ಕೊಳ್ಳತ್ತೆ."

ಅವನು ಅದನ್ನು ಸ್ವಲ್ಪ ಹೊತ್ತು ನೋಡಿದ.

"ನಂಗೂ ಒಂದು ಬೇಕು" ಎಂದ.

ಅಕ್ಕ ಎದ್ದಳು. ಫೋನ್ ತೆಗೆದುಕೊಂಡು ಮಕ್ಕಳ ಡಾಕ್ಟರ ಕ್ಲಿನಿಕ್ಕಿಗೆ ಮಾಡಿದಳು. ಆ ಕಡೆಯವರು ಏನಾಗಿದೆ ಎಂದು ಕೇಳಿದರೆಂದು ಕಾಣುತ್ತದೆ, ಮಗನಿಗೆ ನೆಲದಿಂದ ಏಳಲು ಆಗುತ್ತಿಲ್ಲ ಎಂದಳು. ಎಂಟು ತಿಂಗಳಲ್ಲಿ ಆ ಮಾತನ್ನು ಅವಳು ಬಾಯಿಬಿಟ್ಟು ಹೇಳಿದ್ದು ಅದೇ ಮೊದಲು. ಆರು ಗಂಟೆಯವರೆಗೆ ಇರುತ್ತಾರಂತೆ, ಈಗಲೇ ಬನ್ನಿ ಎಂದರಂತೆ. ಭಾವನಿಗೂ ಫೋನ್ ಮಾಡಿ, ಕೆಲಸ ಬಿಟ್ಟು ನೇರ ಅಲ್ಲಿಗೇ ಬನ್ನಿ ಎಂದಳು. ಯಾಕೆ ಎಂದು ಅವರು ಕೇಳಿದ್ದಕ್ಕೆ, ಬನ್ನಿ ಹೇಳುತ್ತೇನೆ ಎಂದಳು.

"ಎದ್ದೇಳು ಮಹಾರಾಜ" ಎಂದಳು. "ಶೂ ಹಾಕ್ಕೋ. ಹೊರಗೆ ಹೋಗೋಣ."

ನಾನು ಕೈ ಚಾಚಲು ಹೊರಟೆ. ಅಕ್ಕ ಬೇಡ ಎಂದು ತಲೆಯಾಡಿಸಿದಳು. ಡಾಕ್ಟರು ಕೇಳಿದರೆ ಸರಿಯಾಗಿ ಹೇಳಬೇಕು ಎಂದಳು.

ಅವನು ಮೊದಲು ಮುಂದಕ್ಕೆ ಬಗ್ಗಿ ಎರಡೂ ಅಂಗೈಗಳನ್ನು ನೆಲಕ್ಕೆ ಊರಿದ. ಹಿಂಭಾಗವನ್ನು ಎತ್ತಿದ. ಒಂದು ಕೈ ಮೊಣಕಾಲಿಗೆ ಬಂತು, ಆಮೇಲೆ ಇನ್ನೊಂದು. ಒಂದು ಕೈ ತೊಡೆಗೆ ಏರಿತು. ನಡುವೆ ಒಮ್ಮೆ ನಿಂತು ಉಸಿರು ತೆಗೆದುಕೊಂಡ, ನಮ್ಮ ಕಡೆ ನೋಡಿ ನಕ್ಕ. ನಾನು ಗಡಿಯಾರದ ಕಡೆ ತಿರುಗಿದೆ, ನನಗೆ ನೋಡಲಾಗಲಿಲ್ಲ.

ಅಕ್ಕ ಮುಖ ತಿರುಗಿಸಲಿಲ್ಲ. ಮನಸ್ಸಿನಲ್ಲೇ ಎಣಿಸುತ್ತ, ಅವನು ನೆಟ್ಟಗೆ ನಿಲ್ಲುವವರೆಗೂ ನೋಡಿದಳು.

"ಹನ್ನೆರಡು" ಎಂದಳು.